ಚಿಕ್ಕಪೇಟೆ ಬ್ಲೌಸ್ ಟೈಲರ್: ಅಳತೆಯನ್ನು ಕೂಗಿ ಹೇಳಲ್ಲ

ತುಮಕೂರು ಚಿಕ್ಕಪೇಟೆಯ ಈ ಲೇಡೀಸ್ ಟೈಲರ್‌ಗೆ ನಾಲ್ಕು ಸ್ಟಾರ್. ನನ್ನದು ದಪ್ಪ ಮೈ. ಹಿಂದೆ ಇನ್ನೊಂದು ಅಂಗಡಿಯಲ್ಲಿ ಟೇಪ್ ಹಿಡಿದವಳು "44!" ಅಂತ ಎಲ್ಲರಿಗೂ ಕೇಳಿಸುವಂತೆ ಕೂಗಿದ್ದಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತು. ಇಲ್ಲಿನ ಅಕ್ಕ ಪರದೆ ಎಳೆದು, ಅಳತೆ ತೆಗೆದು, ಸುಮ್ನೆ ಬರೆದುಕೊಳ್ಳುತ್ತಾರೆ. ಕನ್ನಡಿಯೂ ಪರದೆಯ ಒಳಗೇ ಇದೆ.

ಸೀರೆ ಜೊತೆ ಬಂದ 80 ಸೆಂ.ಮೀ. ಪೀಸ್‌ನಲ್ಲಿ ನನಗೆ ಮೊಣಕೈವರೆಗಿನ ತೋಳು ಬರಲ್ಲ. "ಗಿಡ್ಡ ತೋಳೇ ಚೆನ್ನಾಗಿರುತ್ತೆ, ನೋಡಿ" ಅಂದರು. ನಾನು ಒಪ್ಪಲಿಲ್ಲ. ನನ್ನ ತೋಳು, ನನ್ನಿಷ್ಟ ಅಲ್ವಾ? ವಾದ ಮಾಡದೆ ಅದೇ ಬಣ್ಣದ ಬಟ್ಟೆ ಸೇರಿಸಿ ಹೊಲಿದರು. ಜೋಡಿಸಿದ್ದು ಗೊತ್ತೇ ಆಗಲ್ಲ. ಕಂಕುಳಲ್ಲಿ ಬಿಗಿಯಿಲ್ಲ. ಮುಂದೆಂದಾದರೂ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಪಕ್ಕದಲ್ಲಿ ಬಟ್ಟೆಯನ್ನೂ ಬಿಟ್ಟಿದ್ದಾರೆ.

ಹೇಳಿದ ದಿನಕ್ಕೆ ಮಾತ್ರ ಕೊಡಲ್ಲ. ಗೌರಿ ಹಬ್ಬಕ್ಕೆ ಬೇಕಿದ್ದರೆ ಆಷಾಢದಲ್ಲೇ ಕೊಟ್ಟುಬಿಡಿ.