ಐಬಿಎಂ ಐ ಯಂತ್ರದಲ್ಲಿ ಎಂಐ ಬಿಲ್ಟ್‌ಇನ್‌ಗಳು: ಐದಕ್ಕೆ ನಾಲ್ಕು ಅಂಕ

ಪುಣೆಯ ಹಿಂಜವಡಿಯಲ್ಲಿ ವಿಮಾ ಲೆಕ್ಕಾಚಾರದ ಆರ್‌ಪಿಜಿ (ವ್ಯವಹಾರದ ಕೆಲಸಗಳಿಗೆಂದು ಐಬಿಎಂ ಮಾಡಿದ ಭಾಷೆ) ಪ್ರೋಗ್ರಾಂಗಳನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅವು ಓಡುವುದು ಐಬಿಎಂ ಐ ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ಸರ್ವರ್ ಯಂತ್ರದಲ್ಲಿ. 1988ರಲ್ಲಿ ಎಎಸ್/400 ಎಂದು ಬಂದ ವಂಶದ್ದು. ಕಚೇರಿಯ ಹಿರಿಯರ ಬಾಯಲ್ಲಿ ಇಂದಿಗೂ ಅದೇ ಹೆಸರು. ಆರ್‌ಪಿಜಿಯಿಂದಲೇ ಕೆಳಮಟ್ಟದ ಎಂಐ (ಮೆಷಿನ್ ಇಂಟರ್‌ಫೇಸ್) ಸೂಚನೆಗಳನ್ನು ಬಿಲ್ಟ್‌ಇನ್‌ಗಳಾಗಿ ಕರೆಯುವ ಸೌಲಭ್ಯ ಇದರಲ್ಲಿದೆ. ನಾನು ಅಂಕ ಕೊಡುತ್ತಿರುವುದು ಅದಕ್ಕೆ.

ಕೆಳಮಟ್ಟ ಎಂದೊಡನೆ ಪ್ರೊಸೆಸರಿನ ಅಸೆಂಬ್ಲಿ ಎಂದು ಬೆದರಬೇಕಿಲ್ಲ. ಎಂಐ ಇರುವುದು ಹಾರ್ಡ್‌ವೇರ್‌ಗಿಂತ ಒಂದು ಪದರ ಮೇಲೆ. 1995ರಲ್ಲಿ ಈ ಯಂತ್ರಗಳು 48 ಬಿಟ್‌ನಿಂದ 64 ಬಿಟ್‌ನ ಪವರ್‌ಪಿಸಿಗೆ ಜಿಗಿದಾಗ ಹಳೆಯ ಪ್ರೋಗ್ರಾಂಗಳು ಸೋರ್ಸ್ ಮುಟ್ಟದೆಯೇ ಉಳಿದುಕೊಂಡದ್ದು ಈ ಪದರದ ದೆಸೆಯಿಂದ. ಹಲವು ಭಾಷೆಗಳ ಕೋಡನ್ನು ಒಟ್ಟಿಗೆ ಬೆಸೆಯುವ ಐಎಲ್ಇ ಪರಿಸರ ಬರುವ ಮೊದಲು ಎಂಐ ಬೇಕೆಂದರೆ ಅದರ ಸೋರ್ಸನ್ನು ಒಂದು ಎಪಿಐಗೆ ಒಪ್ಪಿಸಿ ಬೇರೆಯೇ ಪ್ರೋಗ್ರಾಂ ಕಟ್ಟಿಸಬೇಕಿತ್ತು. ಈಗ ಒಂದು ಪ್ರೊಟೊಟೈಪ್ (ಕರೆಯ ಘೋಷಣೆ), ಅದರ ಎಕ್ಸ್‌ಟ್‌ಪ್ರಾಕ್‌ನಲ್ಲಿ (ಕರೆಯಬೇಕಾದದ್ದರ ಹೆಸರು ಬರೆಯುವ ಜಾಗ) ಸೂಚನೆಯ ಹೆಸರು. ಅಷ್ಟೇ.

ನಾವು ಹೆಚ್ಚು ಬಳಸುವುದು ಸಿವಿಟಿಎಚ್‌ಸಿ. ಬೈಟ್‌ಗಳನ್ನು ಕಣ್ಣಿಗೆ ಕಾಣುವ ಹೆಕ್ಸ್ ಅಕ್ಷರಗಳನ್ನಾಗಿ ಮಾಡುತ್ತದೆ, ಲೂಪ್ ಬರೆಯುವ ತಾಪತ್ರಯವಿಲ್ಲ. ಆದರೆ ಮೂರನೆಯ ಪ್ಯಾರಾಮೀಟರ್ ಕೇಳುವುದು ಬೈಟ್‌ಗಳ ಸಂಖ್ಯೆಯನ್ನಲ್ಲ, ಹೆಕ್ಸ್ ಅಂಕಿಗಳ ಸಂಖ್ಯೆಯನ್ನು. 16 ಬೈಟ್‌ನ ಕೀಗೆ 32 ಎಂದು ಕೊಡಬೇಕು. 16 ಕೊಟ್ಟರೆ ಅರ್ಧ ಕೀ ಮಾತ್ರ ಬರುತ್ತದೆ. 64 ಕೊಟ್ಟರೆ ಪಕ್ಕದ ಫೀಲ್ಡ್‌ಗಳ ಮೇಲೆ ಬರೆದುಕೊಂಡು ಹೋಗುತ್ತದೆ. ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ.

ಕಲಬುರಗಿಯಿಂದ ಬಂದು ನಮ್ಮ ತಂಡ ಸೇರಿದ ಹುಡುಗನೊಬ್ಬ ಒಂದು ಸಂಜೆ, "ಸರ್, ಪ್ರೀಮಿಯಂ ಫೀಲ್ಡ್‌ನಲ್ಲಿ ಡೆಸಿಮಲ್ ಡೇಟಾ ಎರರ್ ಬರುತ್ತಿದೆ, ಆ ಫೀಲ್ಡನ್ನು ಯಾರೂ ಮುಟ್ಟಿಯೇ ಇಲ್ಲ" ಎಂದ. ಅದು ಪ್ಯಾಕ್ಡ್ ಫೀಲ್ಡ್, ಅಂದರೆ ಒಂದು ಬೈಟಿಗೆ ಎರಡು ಅಂಕಿಗಳಂತೆ ಒತ್ತೊತ್ತಾಗಿ ಸಂಖ್ಯೆ ಕೂರುವಂಥದ್ದು. ಡೇಟಾ ಸ್ಟ್ರಕ್ಚರಿನಲ್ಲಿ ಅದಕ್ಕಿಂತ ಸ್ವಲ್ಪ ಮುಂಚೆಯೇ ಇದ್ದದ್ದು ಹೆಕ್ಸ್ ಪಠ್ಯ ತುಂಬುವ ಜಾಗ; ಉದ್ದ ಹೆಚ್ಚಾಗಿ ಕೊಟ್ಟದ್ದರಿಂದ ಆ ಪಠ್ಯ ಇದರ ಮೇಲೆ ಉಕ್ಕಿತ್ತು. ಕಳ್ಳ ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ. ಅಂದಿನಿಂದ ಉದ್ದವನ್ನು ಅಂಕಿಯಾಗಿ ಬರೆಯದೆ, ಪಡೆಯುವ ಫೀಲ್ಡಿನ %ಸೈಜ್ (ಅದರ ಬೈಟ್ ಉದ್ದ) ಕೊಡುವುದು ತಂಡದ ಕಟ್ಟುಪಾಡು. ಎಂಐ ಕರೆಗಳೆಲ್ಲ ಈಗ ಒಂದೇ ಸರ್ವಿಸ್ ಪ್ರೋಗ್ರಾಂನೊಳಗಿವೆ (ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಕರೆಯುವ ಪ್ರೊಸೀಜರ್‌ಗಳ ಕಟ್ಟು). ಹೊರಗಿನವರಿಗೆ ಸಾದಾ ಪ್ರೊಸೀಜರ್‌ಗಳಷ್ಟೇ ಕಾಣುತ್ತವೆ.

ಇನ್ನೊಂದು ಕಿರಿಕಿರಿ 16 ಬೈಟ್‌ನ ಗಡಿ. ಮೆಮೊರಿ ವಿಳಾಸ ಹಿಡಿಯುವ ಪಾಯಿಂಟರ್ ಎಂದರೆ ಇಲ್ಲಿ 16 ಬೈಟ್, ಅದು 16ರ ಗಡಿಯ ಮೇಲೆಯೇ, ಅಂದರೆ 16ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು. ಯಂತ್ರದ ಮಾಹಿತಿ ಕೇಳುವ ಮ್ಯಾಟ್‌ಆರ್‌ಎಂಡಿಯಂಥ ಸೂಚನೆಗಳ ಟೆಂಪ್ಲೇಟಿಗೂ (ಉತ್ತರ ಬಂದು ತುಂಬುವ ಜಾಗ) ಇದೇ ನಿಯಮ. ಜಾಗವನ್ನು %ಅಲಾಕ್‌ನಿಂದ ಪಡೆದರೆ ಗಡಿ ತಾನಾಗಿ ಸರಿಹೋಗುತ್ತದೆ. ಐಬಿಎಂನ ದಸ್ತಾವೇಜು ಕೈಪಿಡಿಯಾಗಿ ಚೆನ್ನಾಗಿದೆ, ಪಾಠವಾಗಿ ಅಲ್ಲ. ಆರ್‌ಪಿಜಿಯವರು ಸಿ ಭಾಷೆಯ ಘೋಷಣೆ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ಒಂದು ಅಂಕ ಕಳೆದದ್ದು ಇದಕ್ಕೇ.

ಬಿಟ್ ಪರೀಕ್ಷೆಗಾಗಿ ಎಂಐ ಕಡೆ ಹೋಗುವ ಅಗತ್ಯ ಈಗಿಲ್ಲ, ಆರ್‌ಪಿಜಿಯ %ಬಿಟ್‌ಆಂಡ್ ಸಾಕು. ಹೆಕ್ಸ್‌ಗೆ ಎಸ್‌ಕ್ಯುಎಲ್‌ನಲ್ಲೂ ದಾರಿಯಿದೆ. ಹೊಸಬರು ಮೊದಲು ಅಲ್ಲಿ ನೋಡಲಿ.

ಭದ್ರತಾ ಮಟ್ಟ 40 ಇದ್ದರೆ ನಿರ್ಬಂಧಿತ ಸೂಚನೆಗಳನ್ನು (ಸಾಮಾನ್ಯ ಪ್ರೋಗ್ರಾಂಗಳು ಬಳಸಬಾರದವು) ಯಂತ್ರ ಬಾಗಿಲಲ್ಲೇ ತಡೆಯುತ್ತದೆ. ಹೊರಗಿನವರಿಂದ ಕೊಂಡಿದ್ದ ಹಳೆಯ ಸಲಕರಣೆಯೊಂದು ಹೀಗೆಯೇ ನಿಂತುಹೋಯಿತು. ಭದ್ರತಾ ಮಟ್ಟವನ್ನು 30ಕ್ಕೆ ಇಳಿಸಿ ಎಂದು ಅವರ ಸಲಹೆ! ಅವರ ಜೊತೆಗಿನ ಒಪ್ಪಂದವನ್ನು ನಾವು ನವೀಕರಿಸಲಿಲ್ಲ.