ಕಳವಾರದ ತಪ್ಪಲಿನಲ್ಲಿ ಒಂದು ಲೇಸರ್ ದೂರಮಾಪಕ

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಭಾರತದ ವಾಯವ್ಯ ಗಡಿಯಲ್ಲಿ, ಅಂದರೆ ಅಫ್ಘಾನಿಸ್ತಾನದ ಕಡೆ, ನಡೆದ ಕದನಗಳ ಬಗ್ಗೆ ಓದುವಾಗ 100 ಗಜ, 300 ಗಜ, 900 ಗಜ ಎಂಬ ಅಂಕಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಚಿಕ್ಕಬಳ್ಳಾಪುರದ ಬಳಿ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ, ಆ ದೂರಗಳು ಕಣ್ಣಿಗೆ ಹೇಗೆ ಕಾಣುತ್ತವೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕೆನಿಸಿ, ಗಾಲ್ಫ್ ಆಟಗಾರರು ಬಳಸುವಂಥ ಲೇಸರ್ ದೂರಮಾಪಕವೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಕಣ್ಣಿಗಿಟ್ಟು ಗುಂಡಿ ಒತ್ತಿದರೆ ದೂರವನ್ನು ಗಜಗಳಲ್ಲೇ ತೋರಿಸುತ್ತದೆ.

ಪೆಟ್ಟಿಗೆಯ ಮೇಲೆ 1,000 ಗಜ ಎಂದು ಮುದ್ರಿಸಿದ್ದಾರೆ. ಸುಣ್ಣ ಬಳಿದ ಗೋಡೆಯನ್ನು 870 ಗಜದಿಂದಲೂ ಅದು ಅಳೆಯಿತು. ಆದರೆ ಕೊಯ್ಲಾದ ರಾಗಿ ಹೊಲದಲ್ಲಿ ಮಣ್ಣಿನ ಬಣ್ಣದ ಅಂಗಿ ತೊಟ್ಟು ನಿಂತ ನನ್ನ ಸಹೋದ್ಯೋಗಿಯನ್ನು 450 ಗಜ ದಾಟಿದ ಮೇಲೆ ಹಿಡಿಯಲೇ ಇಲ್ಲ. ಅಂದಿನ ರೈಫಲ್‌ಗಳ ಕಥೆಯೂ ಇಂಥದ್ದೇ. 1853ರ ಎನ್‌ಫೀಲ್ಡ್‌ನ ಹಿಂಗುರಿಪಟ್ಟಿಯ (ದೂರಕ್ಕೆ ತಕ್ಕಂತೆ ಏರಿಸಿ ಇಳಿಸಿ ಗುರಿ ಹಿಡಿಯುವ ಪಟ್ಟಿ) ಮೇಲೆ 900 ಗಜದ ಗುರುತಿತ್ತು. ಒಬ್ಬನೇ ಮನುಷ್ಯನಿಗೆ ನಂಬಿಕೆಯಿಂದ ಗುರಿ ಇಡಬಹುದಾಗಿದ್ದದ್ದು ಮಾತ್ರ ಸುಮಾರು 300 ಗಜದವರೆಗೆ. ಚಾಚಿದ ಕೈಯಲ್ಲಿ ಬೆಂಕಿಕಡ್ಡಿಯೊಂದನ್ನು ನೆಟ್ಟಗೆ ಹಿಡಿದರೆ ಅಷ್ಟು ದೂರದಲ್ಲಿ ನಿಂತ ಆಳು ಅದರ ಹಿಂದೆ ಮರೆಯಾಗುತ್ತಾನೆ. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಮಾಡಿಸಿದೆ.

ಈ ಉಪಕರಣದ ನಿಜವಾದ ಉಪಯೋಗ ತಿಳಿದದ್ದು ಮೊದಲು ಕಣ್ಣಂದಾಜು ಬರೆಸಿ ಆಮೇಲೆ ಅಳೆದಾಗ. ಹಳ್ಳದ ಆಚೆಯ ಬಂಡೆಯನ್ನು ತೋರಿಸಿ ಕೇಳಿದರೆ ಹೆಚ್ಚಿನ ಮಕ್ಕಳು 300 ಎಂದು ಬರೆದರು, ನಾನು 400 ಎಂದಿದ್ದೆ. ಯಂತ್ರ ತೋರಿಸಿದ್ದು 510. ಈ ತಪ್ಪಿನ ಬೆಲೆ ಎಷ್ಟೆಂಬುದನ್ನು 1871ರ ಮಾರ್ಟಿನಿ-ಹೆನ್ರಿ ರೈಫಲ್ ಚೆನ್ನಾಗಿ ಹೇಳುತ್ತದೆ. ಅದರ ಭಾರವಾದ, ನಿಧಾನಗತಿಯ ಸೀಸದ ಗುಂಡು 500 ಗಜದ ಗುರಿಗೆ ಹಾರುವಾಗ ನಡುದಾರಿಯಲ್ಲಿ ನೋಟದ ಗೆರೆಗಿಂತ ಸುಮಾರು 8 ಅಡಿ ಮೇಲೇರಿ ಇಳಿಯುತ್ತಿತ್ತು. ಹೀಗಾಗಿ ಗುರಿಪಟ್ಟಿಯನ್ನು 500ಕ್ಕೆ ಇಟ್ಟು ಎದೆಗೆ ಗುರಿ ಹಿಡಿದ ಸಿಪಾಯಿಯ ಗುಂಡು, ಶತ್ರು 400 ಗಜದಲ್ಲೇ ಇದ್ದರೆ, ಅವನ ತಲೆಯ ಮೇಲೆ ಹಾದುಹೋಗುತ್ತಿತ್ತು. ದೂರದ ಗುರಿಗೆ ಇಡೀ ತುಕಡಿ ಒಟ್ಟಿಗೆ ಗುಂಡು ಹಾರಿಸಬೇಕಾಗಿದ್ದದ್ದು ಇದಕ್ಕಾಗಿಯೇ. 1888ರ ಲೀ-ಮೆಟ್‌ಫರ್ಡ್‌ನ ಗುಂಡಿನ ದಾರಿ ಇನ್ನಷ್ಟು ಚಪ್ಪಟೆಯಾಗಿದ್ದರೂ, ಅದರ ಪಕ್ಕದ ಗುರಿಪಟ್ಟಿಯಲ್ಲಿದ್ದ 2,500 ಗಜ ಮೀರಿದ ಗುರುತುಗಳು ಗುಂಪನ್ನು ಉದ್ದೇಶಿಸಿದವೇ ಹೊರತು ಒಬ್ಬ ಮನುಷ್ಯನನ್ನಲ್ಲ. ಬಂದೂಕಿನ ನಳಿಗೆಗಿಂತ ಮೊದಲು ಸೋಲುತ್ತಿದ್ದದ್ದು ಅದನ್ನು ಹಿಡಿದವನ ಕಣ್ಣಳತೆ ಎಂಬುದು ನನಗೆ ಹೊಲದಲ್ಲಿ ನಿಂತ ಮೇಲೆಯೇ ಮನದಟ್ಟಾಯಿತು.

ಇಳಿಜಾರಿನ ಕೋನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೌಲಭ್ಯ ಇದರಲ್ಲಿದೆ, ಕೊಟ್ಟ ಹಣಕ್ಕೆ ಅದೊಂದೇ ಸಾಕು. ಕಳವಾರ ಬೆಟ್ಟದ ಬಂಡೆಯಿಂದ 30 ಡಿಗ್ರಿ ಕೆಳಗೆ ನೋಡಿದಾಗ ಓರೆ ದೂರ 400 ಗಜ, ಗುರಿಗೆ ಬೇಕಾದ ಸಮತಲ ದೂರ 346. ಮೇಲಕ್ಕೆ ಹಾರಿಸಿದರೂ ಕೆಳಕ್ಕೆ ಹಾರಿಸಿದರೂ ಲೆಕ್ಕ ಒಂದೇ. 1839ರಿಂದ 1842ರವರೆಗಿನ ಮೊದಲ ಅಫ್ಘನ್ ಯುದ್ಧದಲ್ಲಿ ಇಂಥ ಬಂಡೆಗಳ ಮರೆಯಿಂದ ಉದ್ದ ನಳಿಗೆಯ ಅಫ್ಘನ್ ಬಂದೂಕು ಜೆಜೈಲ್ ಹಿಡಿದು ಕುಳಿತವರಿಗೆ, ಕೆಳಗಿನ ಕಣಿವೆಯಲ್ಲಿದ್ದ ಬ್ರಿಟಿಷ್ ಸೈನಿಕರು ತಮ್ಮ ಬ್ರೌನ್ ಬೆಸ್ ಮಸ್ಕೆಟ್‌ಗಳಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಮಸ್ಕೆಟ್‌ನ ಗುಂಡು ನಳಿಗೆಯೊಳಗೆ ಸಡಿಲವಾಗಿರುತ್ತಿತ್ತು. 100 ಗಜದಾಚೆ ಅದನ್ನು ನಂಬುವಂತಿರಲಿಲ್ಲ.

ಕೊರತೆಗಳೂ ಇವೆ. ಬೆಳಗಿನ ಮಂಜಿನಲ್ಲಿ ಇದು ಬರೀ ಗೆರೆಗಳನ್ನು ತೋರಿಸುತ್ತದೆ, ಆದ್ದರಿಂದ ನಮ್ಮ ಕಡೆ ಚಳಿಗಾಲದಲ್ಲಿ ಒಂಬತ್ತು ಗಂಟೆಯ ನಂತರವೇ ಹೊರಡಬೇಕು. ಇದಕ್ಕೆ ಬೇಕಾದ ಸಿಆರ್2 ಬ್ಯಾಟರಿ ಊರಿನ ಅಂಗಡಿಗಳಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಯಿತು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬದಿಗಿಟ್ಟು, ಕೋನದ ಸೌಲಭ್ಯ ಇದೆಯೇ, ಗಜದಲ್ಲಿ ಅಳೆಯುತ್ತದೆಯೇ ಎಂದು ನೋಡಿಕೊಳ್ಳಲಿ. ಎರಡೂ ಇದ್ದರೆ ಇತಿಹಾಸದ ಮೇಷ್ಟ್ರುಗಳು ಧೈರ್ಯವಾಗಿ ಕೊಳ್ಳಬಹುದು.