ಹಸಿರು ಪೆನ್ನಲ್ಲಿ ಸುತ್ತು ಹಾಕಿದ ಕಂತು: ಲಕ್ಸುರಿ ಎಲೆಕ್ಟ್ರಿಕ್ ಕಾರಿನ ಲೀಸ್ ಆಫರ್ ಹೇಗಿತ್ತು?

ಕಾರಿನ ಬಗ್ಗೆ ನನ್ನ ತಕರಾರಿಲ್ಲ. ಓಡಿಸಿ ನೋಡಿದೆ, ಸದ್ದೇ ಇಲ್ಲ, ಕಾಲು ಒತ್ತಿದ ಕೂಡಲೇ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ತಕರಾರು ಇರೋದು ಆಮೇಲೆ ಶೋರೂಮಿನವರು ಕೈಗಿಟ್ಟ ಲೀಸ್ ಹಾಳೆಯ ಬಗ್ಗೆ. ಲೀಸ್ ಅಂದರೆ ಕಾರು ಕೊಳ್ಳದೆ, ತಿಂಗಳ ಕಂತು ಕಟ್ಟಿ ಇಷ್ಟು ವರ್ಷ ಅಂತ ಓಡಿಸಿ ವಾಪಸ್ ಕೊಡೋದು.

ತಿಂಗಳ ಕಂತಿನ ಸುತ್ತ ಹಸಿರು ಪೆನ್ನಲ್ಲಿ ಎರಡು ಸಲ ಸುತ್ತು ಹಾಕಿದ್ದರು. ಉಳಿದದ್ದೆಲ್ಲ ಕೆಳಗೆ, ಕನ್ನಡಕ ಹಾಕಿಕೊಂಡರೂ ಓದೋಕೆ ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ. ಬಡ್ಡಿ ಎಷ್ಟು ಅಂತ ಕೇಳಿದೆ. "ಲೀಸ್‌ಗೆ ಬಡ್ಡಿ ಅಂತ ಇರಲ್ಲ ಸರ್" ಅಂದರು. ಇರುತ್ತದೆ. ಮನಿ ಫ್ಯಾಕ್ಟರ್ ಅನ್ನೋ ಹೆಸರಲ್ಲಿ ಇರುತ್ತದೆ. ಹಾಳೆಯಲ್ಲಿ 0.003 ಅಂತ ಬರೆದಿತ್ತು. ನೋಡೋಕೆ ಏನೂ ಇಲ್ಲದ ಹಾಗಿದೆ, ಅಲ್ವಾ? 2400ರಿಂದ ಗುಣಿಸಿ. ವರ್ಷಕ್ಕೆ ಶೇ. 7.2 ಬಡ್ಡಿ.

ಪೂರ್ತಿ ಲೆಕ್ಕ ಹೇಳುತ್ತೇನೆ. ಕಾರಿನ ಬೆಲೆ 100 ಅಂತಿಟ್ಟುಕೊಳ್ಳಿ. ಅವರು ರಿಯಾಯಿತಿ ಏನೂ ಕೊಟ್ಟಿರಲಿಲ್ಲ, ಮೇಲೆ 1 ಶುಲ್ಕ ಸೇರಿಸಿ 101 ಮಾಡಿದ್ದರು. ನಾನು ಮೊದಲೇ ಕಟ್ಟಬೇಕಾದ್ದು 9. ಉಳಿದದ್ದು 92. 36 ತಿಂಗಳಾದ ಮೇಲೆ ಕಾರಿನ ಬೆಲೆ 58 ಇರುತ್ತದೆ ಅಂತ ಅವರ ಅಂದಾಜು, ಇದಕ್ಕೆ ರೆಸಿಡ್ಯುಯಲ್ ಅಂತಾರೆ. 92ರಲ್ಲಿ 58 ಕಳೆದರೆ 34. ಅದನ್ನು 36 ತಿಂಗಳಿಗೆ ಹಂಚಿದರೆ 0.94. ಬಡ್ಡಿಗೆ 92 ಮತ್ತು 58 ಕೂಡಿಸಿ 0.003ರಿಂದ ಗುಣಿಸಬೇಕು, 0.45. ಒಟ್ಟು ತಿಂಗಳಿಗೆ 1.39. ಸುತ್ತು ಹಾಕಿದ್ದು ಈ ಅಂಕಿಗೇ. ಆದರೆ ಮೊದಲೇ ಕಟ್ಟಿದ 9 ಕೂಡ ನನ್ನ ಜೇಬಿಂದಲೇ ಹೋಗಿದ್ದು. ಅದನ್ನೂ 36ಕ್ಕೆ ಹಂಚಿದರೆ ನಿಜವಾದ ಕಂತು 1.64.

ಆ 9ರ ಬಗ್ಗೆ ಇನ್ನೊಂದು ಮಾತು. ಮೂರನೇ ತಿಂಗಳಲ್ಲೇ ಅಪಘಾತವಾಗಿ ಕಾರು ರಿಪೇರಿ ಮಾಡಲಾಗದಷ್ಟು ಹಾಳಾಯ್ತು ಅಂದುಕೊಳ್ಳಿ. ಇನ್ಶೂರೆನ್ಸ್ ದುಡ್ಡು ಹೋಗೋದು ಕಾರಿನ ಮಾಲೀಕರಾದ ಲೀಸ್ ಕಂಪನಿಗೆ, ನೀವು ಮೊದಲು ಕಟ್ಟಿದ್ದು ಸಾಮಾನ್ಯವಾಗಿ ವಾಪಸ್ ಬರಲ್ಲ. ಹಾಗಾಗಿ ಲೀಸ್‌ನಲ್ಲಿ ದೊಡ್ಡ ಡೌನ್ ಪೇಮೆಂಟ್ ಕಟ್ಟಲೇಬೇಡಿ.

ಇಷ್ಟಾದರೂ ಎಲೆಕ್ಟ್ರಿಕ್ ಕಾರಿಗೆ, ಅದರಲ್ಲೂ ಲಕ್ಸುರಿ ಕಾರಿಗೆ ಲೀಸೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಇವುಗಳ ಮರುಮಾರಾಟದ ಬೆಲೆ ಬೇಗ ಬೀಳುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆ ಇಳಿಸಿದಾಗ, ಅದಕ್ಕೂ ಸ್ವಲ್ಪ ಮುಂಚೆ ಕೊಂಡವರ ಕಾರಿನ ಬೆಲೆಯೂ ಜೊತೆಗೇ ಇಳಿಯಿತು. ಲೀಸ್‌ನಲ್ಲಿ ರೆಸಿಡ್ಯುಯಲ್ ಮೊದಲ ದಿನವೇ ಬರೆದಾಗಿರುತ್ತದೆ. 58 ಅಂತ ಬರೆದ ಕಾರು ಮಾರುಕಟ್ಟೆಯಲ್ಲಿ 42ಕ್ಕೆ ಇಳಿದರೆ ಕೀಲಿ ಕೊಟ್ಟು ಬಂದರಾಯ್ತು, ನಷ್ಟ ಅವರದು. ಬ್ಯಾಟರಿ ಚಿಂತೆಯೂ ಇಲ್ಲ. ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ, ನಾವು ಇಟ್ಟುಕೊಳ್ಳೋದು ಮೂರೇ ವರ್ಷ.

ಅದಕ್ಕೇ ಲೀಸ್ ಬಿಡಲಿಲ್ಲ, ಆ ಹಾಳೆ ಬಿಟ್ಟೆ. ಅದೇ ಕಾರಿಗೆ ಬೇರೆ ಶೋರೂಮಿನಲ್ಲಿ ಕೇಳಿದೆ. ಕಂತಿನ ಮಾತೇ ಎತ್ತಲಿಲ್ಲ. "ಮೊದಲು ಬೆಲೆ ಇಳಿಸಿ, ಆಮೇಲೆ ಮನಿ ಫ್ಯಾಕ್ಟರ್ ಹೇಳಿ, ಡೌನ್ ಪೇಮೆಂಟ್ ಬೇಡ" ಅಂದೆ. ಬೆಲೆ 92ಕ್ಕೆ ಬಂತು, ಶುಲ್ಕ ಸೇರಿ 93. ಮನಿ ಫ್ಯಾಕ್ಟರ್ 0.002, ರೆಸಿಡ್ಯುಯಲ್ ಅದೇ 58. ತಿಂಗಳಿಗೆ 1.27, ಮೊದಲು ಕಟ್ಟೋದು ಏನೂ ಇಲ್ಲ. ಮೂರು ವರ್ಷಕ್ಕೆ ಅಲ್ಲಿ 59 ಆಗುತ್ತಿತ್ತು, ಇಲ್ಲಿ 46. ಕಾರು ಒಂದೇ, ಬಣ್ಣವೂ ಒಂದೇ!

ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು ಅಂತ ಲೀಸ್‌ನಲ್ಲಿ ಮಿತಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ನಿಮ್ಮ ಓಡಾಟ ಜಾಸ್ತಿ ಇದ್ದರೆ ಮೊದಲೇ ಬರೆಸಿ, ಮಿತಿ ಮೀರಿದ್ದಕ್ಕೆ ಕೊನೆಯಲ್ಲಿ ಕಟ್ಟೋ ದರ ದುಬಾರಿ. ಟೈರ್ ಕೂಡ ಲೆಕ್ಕಕ್ಕೆ ಬೇಕು. ಬ್ಯಾಟರಿಯಿಂದ ಕಾರು ಭಾರ, ಎಳೆತವೂ ಜೋರು, ಟೈರ್ ಬೇಗ ಸವೆಯುತ್ತದೆ. ಸವೆದ ಟೈರಲ್ಲಿ ವಾಪಸ್ ಕೊಟ್ಟರೆ ಅದಕ್ಕೂ ಬಿಲ್ ಬರುತ್ತದೆ.

ಮೊದಲ ಶೋರೂಮಿಗೆ 5ಕ್ಕೆ 2, ಅದೂ ಟೆಸ್ಟ್ ಡ್ರೈವ್ ಅವಸರ ಮಾಡದೆ ಕೊಟ್ಟರು ಅಂತ. ಎರಡನೆಯವರಿಗೆ 4. ಕೇಳಿದ್ದಕ್ಕೆಲ್ಲ ಅಂಕಿಯಲ್ಲೇ ಉತ್ತರ ಕೊಟ್ಟರು, ಆದರೆ ಕಾರು ಒಪ್ಪಿಸುವಾಗ ಬಲಗಡೆ ಮುಂದಿನ ರಿಮ್ಮಿನ ಅಂಚಲ್ಲಿ ಉಗುರಿನಷ್ಟು ಉದ್ದದ ಗೀರಿತ್ತು. ಅಲ್ಲೇ ನಿಂತು ನಾಲ್ಕೂ ರಿಮ್ಮಿನ ಫೋಟೋ ತೆಗೆದು, ಗೀರಿನ ವಿಷಯ ಅವರ ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಕೀಲಿ ತೆಗೆದುಕೊಂಡೆ.